ಬಚ್ಚಲ ನೊಣಕ್ಕೆ ಆ್ಯಸಿಡ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿದರೆ ಸಾಕು, ಎಷ್ಟೋ ಮನೆಗಳ ಬಚ್ಚಲುಗೋಡೆಯ ಮೇಲೆ ಬೂದುಬಣ್ಣದ, ಮೈತುಂಬ ನವಿರು ರೋಮವಿರುವ, ರೆಕ್ಕೆ ಹರಡಿ ಕೂತಾಗ ಪುಟ್ಟ ಪತಂಗದಂತೆ ಕಾಣುವ ನೊಣಗಳು ಬಂದು ಸೇರುತ್ತವೆ. ಐದು ಮಿಲಿಮೀಟರ್ ಮೀರದ ಈ ಜೀವಿಯನ್ನು ಕಂಡೊಡನೆ ಸೊಳ್ಳೆಯ ಸ್ಪ್ರೇ ಹೊಡೆಯುವುದು, ತೂಬಿಗೆ ಫಿನಾಯಿಲ್ ಸುರಿಯುವುದು, ಅದಕ್ಕೂ ಬಗ್ಗದಿದ್ದರೆ ಆ್ಯಸಿಡ್ ಹುಯ್ಯುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಬಹುಕಾಲ ಜೀವಶಾಸ್ತ್ರ ಪಾಠ ಹೇಳಿದವಳಾಗಿ, ಈ ವಾಡಿಕೆಯಿಂದ ನೊಣಕ್ಕಿಂತ ಮನೆಯವರಿಗೇ ಹೆಚ್ಚು ತೊಂದರೆ ಎಂಬುದನ್ನು ತಮ್ಮ ಪತ್ರಿಕೆಯ ಓದುಗರ ಗಮನಕ್ಕೆ ತರಬಯಸುತ್ತೇನೆ.

ನಮ್ಮ ಕಣ್ಣಿಗೆ ಬೀಳುವುದು ರೆಕ್ಕೆ ಬಂದ ನೊಣ ಮಾತ್ರ. ಅದು ಹುಟ್ಟಿ ಬೆಳೆಯುವುದು ತೂಬಿನ ಬಾಯಿಗೆ ಮುಚ್ಚಿದ ಜಾಲಿಯ ಕೆಳಗೆ, ಕೊಳವೆಯ ಒಳಗೋಡೆಗೆ ಅಂಟಿಕೊಂಡ ಲೋಳೆಯಲ್ಲಿ. ಉದುರಿದ ಕೂದಲು, ಸೋಪಿನ ಜಿಡ್ಡು, ಮೈಯ ಕೊಳೆ, ಇವುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಸೇರಿ ಆಗುವ ಈ ಲೋಳೆಯೇ ಅದರ ಮರಿಹುಳುವಿಗೆ ಮನೆಯೂ ಹೌದು, ಊಟವೂ ಹೌದು. ಮೊಟ್ಟೆ ಎರಡು ದಿನದೊಳಗೆ ಒಡೆಯುತ್ತದೆ; ಹುಳು ಸುಮಾರು 9ರಿಂದ 15 ದಿನ ಲೋಳೆ ತಿಂದು ಬೆಳೆದು, ಕೋಶಾವಸ್ಥೆಯಲ್ಲಿ ಒಂದೆರಡು ದಿನ ಕಳೆದು, ನೊಣವಾಗಿ ಹೊರಬರುತ್ತದೆ. ಹುಳುವಿನ ಬಾಲದ ತುದಿಯಲ್ಲಿ ಉಸಿರಾಟದ ನಳಿಕೆ ಇರುವುದರಿಂದ ನೀರು ಹರಿದುಹೋದ ಮಾತ್ರಕ್ಕೆ ಅದು ಸಾಯುವುದಿಲ್ಲ. ಮೇಲಿನಿಂದ ಸುರಿದ ಫಿನಾಯಿಲ್ ಲೋಳೆಯ ಮೇಲ್ಪದರವನ್ನಷ್ಟೇ ಸವರಿಕೊಂಡು ಕೆಲವೇ ಕ್ಷಣಗಳಲ್ಲಿ ಇಳಿದುಹೋಗುತ್ತದೆ. ಸ್ಪ್ರೇಯಂತೂ ಹಾರುವ ನೊಣವನ್ನು ಕೊಲ್ಲುವುದೇ ಹೊರತು ಲೋಳೆಯೊಳಗೆ ಅವಿತ ಹುಳುವನ್ನು ಮುಟ್ಟುವುದಿಲ್ಲ. ಹಾಗಾಗಿಯೇ ಇಂದು ಸತ್ತ ನೊಣದ ಜಾಗಕ್ಕೆ ನಾಳೆ ಇನ್ನೊಂದು ಬಂದಿರುತ್ತದೆ.

ಇವು ಕಚ್ಚುವುದಿಲ್ಲ. ಕಾಲಾ ಅಜಾರ್ ಎಂಬ ಜ್ವರದ ಕಾಯಿಲೆ ಹರಡುವ ಮರಳುನೊಣವೂ ಇದೇ ಕುಟುಂಬಕ್ಕೆ ಸೇರಿದ್ದರಿಂದ ಕೆಲವರು ಹೆದರುವುದುಂಟು, ಆದರೆ ಬಚ್ಚಲಿನ ಈ ನೊಣ ರಕ್ತ ಹೀರುವ ಜಾತಿಯದಲ್ಲ. ತೀರಾ ಹೆಚ್ಚಾದಾಗ ಸತ್ತ ನೊಣಗಳ ಪುಡಿ ಗಾಳಿಯಲ್ಲಿ ಬೆರೆತು ಆಸ್ತಮಾ ಇರುವವರನ್ನು ಕಾಡಬಹುದು, ಅಷ್ಟೆ. (ಕೊಳಚೆ ನೀರು ಶುದ್ಧೀಕರಿಸುವ ಕೆಲವು ಘಟಕಗಳಲ್ಲಿ ಕಲ್ಲುಹಾಸಿನ ಮೇಲಿನ ಲೋಳೆ ತಿಂದು ಇದರ ಹುಳುಗಳು ಉಪಕಾರವನ್ನೇ ಮಾಡುತ್ತವೆ.) ಇಂಥ ನಿರುಪದ್ರವಿಗಾಗಿ ಬ್ಲೀಚಿಂಗ್ ಪುಡಿಯನ್ನೂ ಆ್ಯಸಿಡ್ಡನ್ನೂ ಒಂದರ ಹಿಂದೊಂದು ತೂಬಿಗೆ ಹಾಕಿದರೆ ಹೊರಡುವುದು ಕ್ಲೋರಿನ್ ಅನಿಲ. ಕಿಟಕಿಯೆಂಬ ಹೆಸರಿಗೆ ಗೇಣುದ್ದದ ಗಾಜುಪಟ್ಟಿ ಇರುವ ಇಂದಿನ ಬಚ್ಚಲುಗಳಲ್ಲಿ ಅದು ಶ್ವಾಸಕೋಶಕ್ಕೆ ಮಾಡುವ ಹಾನಿ ಸಣ್ಣದಲ್ಲ. ಬಚ್ಚಲ ನೀರೂ ಸೆಪ್ಟಿಕ್ ಟ್ಯಾಂಕಿಗೇ ಸೇರುವ ಮನೆಗಳಲ್ಲಿ, ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳೂ ಈ ರಾಸಾಯನಿಕಗಳಿಂದ ನಾಶವಾಗುತ್ತವೆ. ಕುದಿಯುವ ನೀರು ಹಾಕಿ ಎನ್ನುವವರೂ ಇದ್ದಾರೆ. ಪಿವಿಸಿ ಕೊಳವೆ ಅಷ್ಟು ಬಿಸಿ ತಾಳುವಂಥದಲ್ಲ.

ಮಾಡಬೇಕಾದ ಕೆಲಸ ಒಂದೇ: ಲೋಳೆಯನ್ನು ಉಜ್ಜಿ ತೆಗೆಯುವುದು. ಮೊದಲು ಯಾವ ತೂಬಿನಿಂದ ಬರುತ್ತಿವೆ ಎಂದು ತಿಳಿಯಬೇಕು. ರಾತ್ರಿ ಜಾಲಿಯನ್ನು ಒರೆಸಿ ಒಣಗಿಸಿ, ಅಂಟು ಕೆಳಮುಖವಾಗುವಂತೆ ಟೇಪನ್ನು ಅರ್ಧಭಾಗಕ್ಕೆ ಹಚ್ಚಿಟ್ಟರೆ ಬೆಳಿಗ್ಗೆ ಅದಕ್ಕೆ ಅಂಟಿದ ನೊಣಗಳೇ ಉತ್ತರ ಹೇಳುತ್ತವೆ. ಒಂದು ರಾತ್ರಿ ಸಿಗದಿದ್ದರೆ ಇನ್ನೂ ಕೆಲವು ರಾತ್ರಿ ನೋಡಬೇಕು. ಆಮೇಲೂ ಸಿಗದಿದ್ದರೆ ವಾಶ್‌ಬೇಸಿನ್ನಿನ ಮೇಲಂಚಿನ ತೂತು, ವಾಷಿಂಗ್ ಮಷೀನಿನ ನೀರು ಹೋಗುವ ಜಾಗ, ಸಡಿಲಗೊಂಡ ಟೈಲ್ಸಿನ ಅಡಿ ಇವನ್ನೂ ಪರೀಕ್ಷಿಸುವುದು ಒಳ್ಳೆಯದು. ಜಾಗ ಗೊತ್ತಾದ ಮೇಲೆ ಜಾಲಿ ಎತ್ತಿ, ಕೈಗವಸು ತೊಟ್ಟು, ಕೂದಲನ್ನು ಎಳೆದು ತೆಗೆದು, ಬಾಟಲಿ ತೊಳೆಯುವ ಉದ್ದನೆಯ ಬ್ರಷ್ಷಿನಿಂದ ಒಳಗೋಡೆಯನ್ನು, ಮರೆಯದೆ ಜಾಲಿಯ ಅಡಿಯನ್ನೂ, ಸೋಪಿನ ನೀರಿನಲ್ಲಿ ತಿಕ್ಕಬೇಕು. ಅವುಗಳ ಜೀವನಚಕ್ರದ ಲೆಕ್ಕದಲ್ಲಿ ವಾರಕ್ಕೆರಡು ಬಾರಿಯಂತೆ ಮೂರು ವಾರ ಇದನ್ನು ಬಿಡದೆ ಮಾಡಿದರೆ ಉಳಿದ ಹುಳುಗಳಿಗೂ ನೆಲೆ ತಪ್ಪುತ್ತದೆ. ಬಳಸದ ಬಚ್ಚಲಿದ್ದರೆ ವಾರಕ್ಕೊಂದು ಚೊಂಬು ನೀರು ಹಾಕುತ್ತಿರಬೇಕು; ಜಾಲಿಯ ಕೆಳಗೆ ಸ್ವಲ್ಪ ನೀರು ಸದಾ ನಿಂತಿರುವಂತೆ ಮಾಡಿದ ಬಟ್ಟಲಿನಂಥ ಭಾಗದಲ್ಲಿ, ಅಂದರೆ ನಾನಿ ಟ್ರ್ಯಾಪಿನಲ್ಲಿ, ನಿಂತ ನೀರು ಆರಿಹೋದರೆ ಚರಂಡಿಯ ವಾಸನೆಗೂ ಹುಳಹುಪ್ಪಟೆಗಳಿಗೂ ದಾರಿ ತೆರೆದಂತೆಯೇ.

ಇಲ್ಲಿ ಮನೆ ಕಟ್ಟುವವರ ಹೊಣೆಯೂ ಇದೆ. ಜಾಲಿಯನ್ನು ಸಿಮೆಂಟಿನಲ್ಲಿ ಭದ್ರವಾಗಿ ಕೂರಿಸಿ ಎತ್ತಲಾರದಂತೆ ಮಾಡುವುದು, ನೀರು ನಿಧಾನವಾಗಿ ಇಳಿಯುತ್ತದೆಂದು ಟ್ರ್ಯಾಪಿನ ಒಳಬಟ್ಟಲನ್ನೇ ತೆಗೆದೆಸೆಯುವುದು ಪ್ಲಂಬರ್‌ಗಳ ಅಭ್ಯಾಸವಾಗಿದೆ. ಮನೆಯವರು ಕೈಹಾಕಿ ತೊಳೆಯಲಾಗದ ತೂಬನ್ನು ಯಾವ ದ್ರಾವಣವೂ ಶುಚಿಯಾಗಿಡಲಾರದು. ಹೊಸ ಕಟ್ಟಡಗಳ ಪರಿಶೀಲನೆಗೆ ಬರುವ ನಗರಸಭೆ, ಪಾಲಿಕೆಗಳ ಎಂಜಿನಿಯರ್‌ಗಳು ಮಳೆನೀರು ಸಂಗ್ರಹದ ಗುಂಡಿಯನ್ನು ನೋಡುವಂತೆಯೇ ಪ್ರತಿ ಬಚ್ಚಲಿನ ಜಾಲಿಯನ್ನೂ ಒಮ್ಮೆ ಎತ್ತಿ ನೋಡಿ, ಏಳದಿದ್ದರೆ ಸರಿಪಡಿಸಲು ಹೇಳಬೇಕೆಂದು ಕೋರುತ್ತೇನೆ.

– ನಿವೃತ್ತ ಉಪನ್ಯಾಸಕಿ, ಮೈಸೂರು