ಮಂಡ್ಯ ರೈಲಿನ ಮೇಡಂಗೆ ಥ್ಯಾಂಕ್ಸ್

ಮಂಡ್ಯದಿಂದ ಮೈಸೂರಿಗೆ ಬರುವ ರೈಲಿನಲ್ಲಿ ನನ್ನ ಇಂಗ್ಲಿಷ್ ಗ್ರಾಮರ್ ಪುಸ್ತಕ ನೋಡಿ ತಾವಾಗಿಯೇ ಮಾತಿಗಿಳಿದ ಮೇಡಂ, ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತುಂಬಾ ಥ್ಯಾಂಕ್ಸ್!

ಇಂಗ್ಲಿಷಿನಲ್ಲಿ ಪದಗಳ ಕ್ರಮದಿಂದ ಒತ್ತು ಕೊಡುವುದು ಹೇಗೆ ಅಂತ ನೀವು ಎಷ್ಟು ಚೆನ್ನಾಗಿ ಹೇಳಿಕೊಟ್ಟಿರಿ! ಕನ್ನಡದಲ್ಲಿ 'ರವಿ ಸೀತೆಯನ್ನು ನೋಡಿದ', 'ಸೀತೆಯನ್ನು ರವಿ ನೋಡಿದ', ಎರಡೂ ನಡೆಯುತ್ತದೆ. ಒತ್ತು ಬೇಕಾದರೆ 'ರವಿಯೇ' ಅಂದರೆ ಸಾಕು. ಇಂಗ್ಲಿಷಿನಲ್ಲಿ 'ರವಿ ಸಾ ಸೀತಾ' ಅನ್ನೋದನ್ನು ತಿರುಗಿಸಿದರೆ ನೋಡಿದವರೇ ಬದಲಾಗುತ್ತಾರೆ, ಅಲ್ವಾ? ಹಾಗಾಗಿ ಅಲ್ಲಿ ಒತ್ತು ಬೇಕಾದರೆ 'ಇಟ್ ವಾಸ್ ರವಿ ಹೂ ಸಾ ಸೀತಾ' ಅಂತ ಸುತ್ತಿ ಬರುವುದುಂಟು.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಹೊಸ ವಿಷಯ, ಅಂದರೆ ಕೇಳುವವರಿಗೆ ನಿಜವಾಗಿ ಬೇಕಾದದ್ದು, ವಾಕ್ಯದ ಕೊನೆಗೆ ಬರುತ್ತದೆ. ರವಿಗೆ ಏನು ಕೊಟ್ಟೆ ಅಂತ ಕೇಳಿದರೆ 'ಐ ಗೇವ್ ರವಿ ದ ಬುಕ್'. ಪುಸ್ತಕ ಯಾರಿಗೆ ಅಂತ ಕೇಳಿದರೆ 'ಐ ಗೇವ್ ದ ಬುಕ್ ಟು ರವಿ'. ಎರಡೂ ಒಂದೇ ಅಂತ ಸುಮ್ನೆ ಬಾಯಿಪಾಠ ಮಾಡಿಸುತ್ತಾರೆ!

ಒತ್ತಿಗಾಗಿ 'ನೆವರ್' ಅನ್ನು ಮುಂದೆ ತರುವ 'ನೆವರ್ ಹ್ಯಾವ್ ಐ ಸೀನ್' (ನಾನು ಎಂದೂ ನೋಡಿಲ್ಲ) ಥರದ್ದು ಮಾತ್ರ ಮಾತಿಗೆ ಸ್ವಲ್ಪ ಭಾರ, ಭಾಷಣಕ್ಕೆ ಸರಿ. ಪುಸ್ತಕದ ಅಂಚಿನಲ್ಲಿ ನೀವು ಬರೆದುಕೊಟ್ಟ ವಾಕ್ಯಗಳನ್ನು ಈಗ ನನ್ನ ತಂಗಿಯೂ ಓದುತ್ತಿದ್ದಾಳೆ.