ನಾಯಿಗೆ ಟಿಕೆಟ್ ಹರಿಯುವ ಮುನ್ನ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರಗಳು.

ನಾನು ಮೈಸೂರಿನವಳು, ಸದ್ಯ ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ನನಗೆ ಕಣ್ಣು ಕಾಣುವುದಿಲ್ಲ. ಎಡಗೈಯಲ್ಲಿ ಹಾರ್ನೆಸ್ಸಿನ, ಅಂದರೆ ನಾಯಿಯ ಮೈಗೆ ತೊಡಿಸುವ ಪಟ್ಟಿಯ ಹಿಡಿ, ಹಿಡಿಯ ತುದಿಯಲ್ಲೊಂದು ಲ್ಯಾಬ್ರಡಾರ್: ಕಣ್ಣು ಕಾಣದವರ ಜೊತೆ ನಡೆಯಲು ತರಬೇತಿ ಪಡೆದ ಮಾರ್ಗದರ್ಶಿ ನಾಯಿ. ಊರಿಗೆ ಬರುವಾಗಲೆಲ್ಲ ಅದನ್ನು ಗೆಳತಿಯ ಮನೆಯಲ್ಲಿ ಬಿಟ್ಟು ಬಿಳಿ ಕೋಲು ಹಿಡಿದು ಬಂದಿದ್ದೇನೆ. ಈಗ ಊರಿಗೇ ಮರಳುವ ಮನಸ್ಸಾಗಿದೆ, ನಾಯಿಯ ಜೊತೆಗೇ.

ನಾಯಿಗೆ ದಾರಿ ಗೊತ್ತು, ಇವಳು ಹಿಂದೆ ಹೋಗುತ್ತಾಳೆ ಎಂದುಕೊಳ್ಳುವವರೇ ಹೆಚ್ಚು. ದಾರಿ ಗೊತ್ತಿರಬೇಕಾದವಳು ನಾನು, ಎಡಕ್ಕೆ ಬಲಕ್ಕೆ ಎನ್ನುವವಳೂ ನಾನೇ. ಕಂಬ, ಗುಂಡಿ, ಅಡ್ಡ ನಿಂತ ಸ್ಕೂಟರು ತಪ್ಪಿಸುವುದು, ಫುಟ್‌ಪಾತಿನ ಅಂಚಿನಲ್ಲಿ ನಿಲ್ಲುವುದು ಅದರ ಕೆಲಸ. ಸಿಗ್ನಲ್ ದೀಪ ಅದಕ್ಕೆ ತಿಳಿಯದು. ವಾಹನಗಳ ಸದ್ದಿಗೆ ಕಿವಿಗೊಟ್ಟು ದಾಟುವ ತೀರ್ಮಾನ ನನ್ನದು. ಆ ಹೊತ್ತಿಗೆ ಯಾರೋ ಅಕ್ಕರೆಯಿಂದ ಬಿಸ್ಕತ್ತು ಚಾಚಿದರೆ ನಾಯಿಯ ಗಮನ ಅತ್ತ, ನನ್ನ ಕಾಲು ಗುಂಡಿಯತ್ತ.

ಜನ ಮಾತನಾಡಿಸುವುದೂ ನಾಯಿಯನ್ನೇ. ನಮ್ಮ ಬೀದಿಯವರಿಗೆ ಅದರ ಹೆಸರು ಬಾಯಿಪಾಠ, ನನ್ನದು ಇನ್ನೂ ಗೊತ್ತಿಲ್ಲ. ಅಪರಿಚಿತರು ಕೇಳಿದರೆ ನಾಯಿಗೊಂದು ಸುಳ್ಳು ಹೆಸರು ಹೇಳುತ್ತೇನೆ, ನಿಜ ಹೇಳಿದರೆ ನಡುರಸ್ತೆಯಲ್ಲಿ ಕರೆದುಬಿಡುತ್ತಾರೆ. ಈ ಸುಳ್ಳಿನ ಬಗ್ಗೆ ನನಗೆ ಅಳುಕಿಲ್ಲ. ನಾಯಿಗೆ ಹೆದರುವವರ ಮೇಲೆ ಮುನಿಸೂ ಇಲ್ಲ. ಆದರೆ ಅವರು ಸದ್ದಿಲ್ಲದೆ ಹಿಂದೆ ಸರಿದರೆ ನನಗೆ ತಿಳಿಯುವುದು ಹೇಗೆ? 'ನನಗೆ ನಾಯಿ ಎಂದರೆ ಭಯ' ಎಂದರೆ ಸಾಕು, ನಾನೇ ಆಚೆ ಸರಿಯುತ್ತೇನೆ. ಊರಲ್ಲಿ 'ನಾನು ಯಾರು, ಹೇಳು ನೋಡೋಣ' ಎಂದು ಕೈ ಹಿಡಿದು ಪರೀಕ್ಷೆ ಮಾಡುವ ಬಂಧುಗಳಿಗಿಂತ ಇವರು ಎಷ್ಟೋ ಮೇಲು.

ಬ್ರಿಟನ್ನಿನಲ್ಲಿ ಮೊದಲ ನಾಲ್ಕು ಮಾರ್ಗದರ್ಶಿ ನಾಯಿಗಳು ಕೆಲಸಕ್ಕಿಳಿದದ್ದು 1931ರಲ್ಲಿ. ಇಷ್ಟು ವರ್ಷವಾದರೂ ಕಳೆದ ಚಳಿಗಾಲದಲ್ಲಿ ಟ್ಯಾಕ್ಸಿಯೊಂದು ನನ್ನೆದುರು ನಿಂತು, ನಾಯಿಯನ್ನು ಕಂಡು ಹೊರಟುಹೋಯಿತು. ಮತ್ತೊಬ್ಬ ಚಾಲಕ ಅಲರ್ಜಿ ಎಂದ. ವೈದ್ಯಕೀಯ ವಿನಾಯಿತಿಯ ಪ್ರಮಾಣಪತ್ರ ಇದೆಯೇ ಎಂದು ಕೇಳಿದೆ. ಬಾಗಿಲು ತೆರೆಯಿತು. 2010ರ ಸಮಾನತಾ ಕಾಯ್ದೆಯ ಪ್ರಕಾರ ಅಲ್ಲಿನ ಟ್ಯಾಕ್ಸಿಯವರು ಇಂಥ ನಾಯಿಯನ್ನು ಹೆಚ್ಚುವರಿ ಹಣ ಕೇಳದೆ ಹತ್ತಿಸಿಕೊಳ್ಳಲೇಬೇಕು. ತಪ್ಪಿದರೆ 1,000 ಪೌಂಡ್‌ವರೆಗೆ ದಂಡ. ಚಾಲಕನಿಗೆ ನನ್ನ ಮೇಲೆ ಕನಿಕರ ಹುಟ್ಟಲಿ ಎಂದು ಕಾಯುವ ಪ್ರಮೇಯ ನನಗಿರಲಿಲ್ಲ.

ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸಾರಿಗೆ ಅಂಗವಿಕಲರ ಕೈಗೆಟುಕುವಂತಿರಬೇಕು ಎಂದು ಅದು ಹೇಳುತ್ತದೆ. ಆದರೆ ಬಸ್ಸಿನ ಮೆಟ್ಟಿಲ ಬಳಿ ಕಾಯ್ದೆಯ ಪುಸ್ತಕ ಬಿಚ್ಚಲಾಗುತ್ತದೆಯೇ? ಮಾರ್ಗದರ್ಶಿ ನಾಯಿಯನ್ನು ಎಂದೂ ಕಂಡಿರದ ಕಂಡಕ್ಟರ್ ಅದನ್ನು ಸಾಕುಪ್ರಾಣಿ ಎಂದುಕೊಂಡು ಟಿಕೆಟ್ ಹರಿದರೆ, ಅಥವಾ ಇಳಿಸಿದರೆ, ತಪ್ಪು ಅವರದಲ್ಲ. ಯಾರೂ ಅವರಿಗೆ ಹೇಳಿಲ್ಲ.

ಬೀದಿನಾಯಿಗಳ ಕಾಟವಿದೆ, ಫುಟ್‌ಪಾತ್ ಎಲ್ಲಿ ಮುಗಿಯುತ್ತದೋ ದೇವರಿಗೇ ಗೊತ್ತು. ಅವೆರಡನ್ನೂ ನಿಮ್ಮ ತಲೆಗೆ ಕಟ್ಟುವುದಿಲ್ಲ. ನಾನು ಕೇಳುವುದು ಒಂದು ಸುತ್ತೋಲೆ: ಹಾರ್ನೆಸ್ ತೊಟ್ಟ ಮಾರ್ಗದರ್ಶಿ ನಾಯಿಗೆ ಸರ್ಕಾರಿ ಬಸ್ಸಿನಲ್ಲಿ, ಆಟೋದಲ್ಲಿ, ಟ್ಯಾಕ್ಸಿಯಲ್ಲಿ ಪ್ರವೇಶವಿದೆ, ಅದಕ್ಕೆ ಟಿಕೆಟ್ಟಿಲ್ಲ, ಅದು ಯಜಮಾನರ ಕಾಲ ಬಳಿ ಮಲಗುತ್ತದೆ. ಕಂಡಕ್ಟರ್‌ಗಳ ತರಬೇತಿಯಲ್ಲಿ ಇದಕ್ಕೆ ಅರ್ಧ ಗಂಟೆ ಮೀಸಲಿಡಿ. ಸುತ್ತೋಲೆಯ ಪ್ರತಿಯನ್ನು ನನ್ನ ಮೊಬೈಲ್ ಓದಿ ಹೇಳುವಂಥ ರೂಪದಲ್ಲಿ ಪ್ರಕಟಿಸಿ, ಸ್ಕ್ಯಾನ್ ಮಾಡಿದ ಚಿತ್ರವಾಗಿ ಬೇಡ.

ಇತಿ,
ಮೈಸೂರಿನ ಒಬ್ಬ ಪ್ರಯಾಣಿಕಳು