ಅವ್ವಗ, ಇಲ್ಲೀ ಹೀಟಿಂಗ್ ಬಗ್ಗೆ

ಲೈಪ್‌ಜಿಗ್, ಜರ್ಮನಿ

ಅವ್ವಾ, ಅಪ್ಪಾ, ಇಬ್ಬರಿಗೂ ನಮಸ್ಕಾರ.

ನಾ ಇಲ್ಲೆ ಅರಾಮ ಅದೀನಿ. ಅವ್ವಾ, ಫೋನ್ ಮಾಡಿದಾಗೊಮ್ಮೆ ನೀ ಥಂಡಿ ಹತ್ತತೈತೇನು, ಹೀಟರ್ ಫುಲ್ ಇಟ್ಕೊಂಡ ಮಲ್ಕೊ ಅಂತೀ, ಹಿಂದಿನಿಂದ ಅಪ್ಪ ಕರೆಂಟ್ ಬಿಲ್ ಎಷ್ಟ ಬರ್ತೈತಿ ಕೇಳು ಅಂತಾನ, ಅದನ್ನೆಲ್ಲಾ ಫೋನಿನ್ಯಾಗ ಹೇಳಾಕ ಆಗಂಗಿಲ್ಲ ಅಂತ ಬರ್ಯಾಕತ್ತೀನಿ.

ಇದು ಕರೆಂಟಿನ ಹೀಟರ್ ಅಲ್ಲ. ಬಿಲ್ಡಿಂಗಿನ ತಳಮನ್ಯಾಗ ಒಂದ ದೊಡ್ಡ ಗ್ಯಾಸ್ ಬಾಯ್ಲರ್ ಐತಿ, ಅದರಾಗ ನೀರ ಕಾಯಿಸಿ ಪಂಪ್ ಹಚ್ಚಿ ಎಲ್ಲಾ ಮನಿಗೂ ಕಳಸ್ತಾರ. ಕಿಟಕಿ ಕೆಳಗ ಒಂದ ರೇಡಿಯೇಟರ್ ಇರ್ತೈತಿ, ನೀರ ಅದರಾಗ ಹಾದು ಖೋಲಿ ಬೆಚ್ಚಗ ಮಾಡಿ ಮತ್ತ ಕೆಳಗ ಹೋಗ್ತೈತಿ, ಅದೇ ನೀರ ಸುತ್ತತಿರ್ತೈತಿ. ಅದಕ್ಕೊಂದ ತಿರುವೋ ಗುಂಡಿ, ಮ್ಯಾಲೆ 1ರಿಂದ 5ರ ತನಕ ನಂಬರ್. 3ಕ್ಕ ಇಟ್ರ ಖೋಲಿ ಸುಮಾರು 20 ಡಿಗ್ರಿ. 5ಕ್ಕ ಇಟ್ರ ಲಗೂನ ಕಾಯ್ತೈತಿ ಅನ್ನೂದ ಸುಳ್ಳ ಅವ್ವಾ, ಖೋಲಿ ಎಷ್ಟ ಬೆಚ್ಚಗಾದ ಮ್ಯಾಲೆ ನೀರ ನಿಲ್ಲಬೇಕು ಅನ್ನೂದಷ್ಟ ಅದು. ಹಂಗಾಗಿ ನಾ 3ಕ್ಕ ಇಡತೀನಿ, ಮಲಗೂ ಮುಂದ 2.

ನಮ್ಮ ಬಿಲ್ಡಿಂಗಿನ ಮ್ಯಾಲಿನ ಮಾಳಗ್ಯಾಗ, ಕಡೀ ಮನ್ಯಾಗ, ಒಬ್ಬಾಕಿ ಅಜ್ಜಿ ಅದಾಳ. ಆಕಿ ರೇಡಿಯೇಟರ್ ಬರೇ ಉಗುರು ಬೆಚ್ಚಗ, ಒಳಗ ಗುಳುಗುಳು ಸಪ್ಪಳ. ಮ್ಯಾಲೆ ತಣ್ಣಗ ಕೆಳಗ ಬೆಚ್ಚಗ ಇದ್ರ ಒಳಗ ಗಾಳಿ ಸೇರೇತಿ ಅಂತ ತಿಳೀಬೇಕು. ಬಿಲ್ಡಿಂಗ್ ನೋಡ್ಕೊಳ್ಳಾಂವನ್ನ ಕೇಳಿ ನಾನs ಹೋಗಿ ಆ ಗಾಳಿ ತೆಗದೆ. ಚೌಕ ಬಾಯಿನ ಸಣ್ಣ ಕೀಲಿ ಇರ್ತೈತಿ, ಕೆಳಗ ಕಪ್ ಹಿಡದ ಅರ್ಧ ಸುತ್ತ ತಿರುವಿದ್ರ ಸುಯ್ ಅಂತ ಗಾಳಿ ಹೊರಗ ಬರ್ತೈತಿ, ಆಮ್ಯಾಲೆ ಥೂ ಥೂ ಅಂತ ಉಗಳಿ ಕರೇ ನೀರ ಬರ್ತೈತಿ, ಧಾರ ಸರಿಯಾಗಿ ಬಂತಂದ್ರ ಕೂಡ್ಲೆ ಬಂದ್ ಮಾಡಬೇಕು. ಮುಗದ ಮ್ಯಾಲೆ ತಳಮನ್ಯಾಗಿನ ಪ್ರೆಶರ್ ಮೀಟರ್ ನೋಡಾಕ ಅವಗ ಹೇಳಬೇಕು, ಇಳದಿದ್ರ ನೀರ ತುಂಬತಾನ. ಮ್ಯಾಲಿಂದ ಮ್ಯಾಲೆ ಹೊಸಾ ನೀರ ಹಾಕೂದೂ ಚೊಲೋ ಅಲ್ಲ, ಅದರ ಜೋಡಿ ಆಕ್ಸಿಜನ್ ಹೋಗಿ ಒಳಗ ತುಕ್ಕ ಹಿಡೀತೈತಿ.

ಸಪ್ಪಳ ನಿಂತ್ತು, ಆದ್ರ ಅಜ್ಜಿ ಖೋಲಿ ಕಾಯಲಿಲ್ಲ. ಅಪ್ಪಾ, ಇದು ನಿನಗ ಲಗೂನ ತಿಳೀತೈತಿ, ನಮ್ಮ ಇಂಡಿ ಬ್ರಾಂಚ್ ಕೆನಾಲಿನ್ಯಾಗ ಮ್ಯಾಲಿನವರು ಗೇಟ್ ತಗದ ಕುಂತ್ರ ಕಡೀ ಹೊಲಕ್ಕ ನೀರ ಬರೂದಿಲ್ಲಲ್ಲ, ಹಂಗs. ಪಂಪಿಗೆ ಹತ್ರ ಇರೋ ಮನಿಗೋಳು ಬೇಕಾದ್ದಕ್ಕಿಂತ ಹೆಚ್ಚ ನೀರ ಎಳಕೊಳ್ತಾವ. ಪಂಪಿನ ಸ್ಪೀಡ್ ಏರಸ್ರಿ ಅಂತ ಕೆಲವರು ಅಂದ್ರು, ಹಂಗ ಮಾಡಿದ್ರ ಹತ್ರದ ಮನಿ ವಾಲ್ವ್ ಶಿಳ್ಳಿ ಹೊಡ್ಯಾಕ ಹತ್ತತಾವ, ಕರೆಂಟೂ ಹೆಚ್ಚ ತಿಂತೈತಿ. ಖರೇ ಮದ್ದಂದ್ರ ಪ್ರತಿ ವಾಲ್ವಿನ್ಯಾಗ ಇರೋ ಬಳಿಯಂಥಾ ರಿಂಗ್ ತಿರುವಿ ಯಾವ ರೇಡಿಯೇಟರಿಗೆ ಎಷ್ಟ ನೀರ ಅಂತ ಕಟ್ಟ ಹಾಕೂದು. ನಾವೆಲ್ಲಾ ಸಹಿ ಮಾಡಿ ಮಾಲಕರಿಗೆ ಪತ್ರ ಕೊಟ್ಟ ಮ್ಯಾಲೆ ಕೆಲಸದಾಂವ ಬಂದು ಮನಿಮನಿ ಸುತ್ತಿ ಮಾಡಿದ, ಈಗ ಅಜ್ಜಿ ಖೋಲಿ ಎಲ್ಲಾರದರಂಗ ಕಾಯ್ತೈತಿ. ಎಂಬತ್ತ ದಾಟಿದಾಕಿ, ಕೋಟ್ ಹಾಕ್ಕೊಂಡ ಕುಂಡ್ರತಿದ್ಲು, ನನಗ ಭಾಳ ಸಂಕಟ ಆಗ್ತಿತ್ತು.

ಅಪ್ಪಾ, ದುಡ್ಡಿನ ಮಾತು. ಬಾಡಿಗಿ ಜೋಡಿ ತಿಂಗಳಾ ಅಡ್ವಾನ್ಸ್ ಕೊಡತೀವಿ, ವರ್ಷಕ್ಕೊಮ್ಮೆ ಲೆಕ್ಕ. ಇಲ್ಲೀ ಕಾಯ್ದೆ ಪ್ರಕಾರ 50ರಿಂದ 70 ಪರ್ಸೆಂಟ್ ಅವರವರು ಬಳಸಿದ್ದಕ್ಕ, ಉಳದದ್ದು ಮನಿ ಅಳತಿ ಮ್ಯಾಲೆ ಹಂಚತಾರ. ಅಂದ್ರ ಯಾರರೆ ಕಿಟಕಿ ತಗದ ಹೀಟಿಂಗ್ ಹಚ್ಚಿದ್ರ ಅದರಾಗ ನಮ್ಮ ಪಾಲೂ ಹೊಕ್ಕೈತಿ. ಹಂಗಂತ ಕಿಟಕಿ ತಗೀದs ಇರಾಕೂ ಬರಂಗಿಲ್ಲ, ಗ್ವಾಡಿಗೆ ಬೂಸ್ಟ ಹಿಡೀತೈತಿ, ಗುಂಡಿ ಬಂದ್ ಮಾಡಿ ಐದ ನಿಮಿಷ ಪೂರಾ ತಗದ ಮುಚ್ಚಿಬಿಡತೀನಿ.

ಅವ್ವಾ, ಊರಿಂದ ಯಾರರೆ ಬರೂದಿದ್ರ ಎರಡ ಕೌದಿ ಕಳಸು. ಒಂದ ನನಗ, ಒಂದ ಅಜ್ಜಿಗೆ. ಶೇಂಗಾ ಚಟ್ನಿನೂ ಇರ್ಲಿ.

ನಿಮ್ಮ ಮಗಳು